ಮನೆಪಾಠವೂ ನಮ್ಮ ಮಕ್ಕಳೂ

ಜೂನ್ ತಿಂಗಳಲ್ಲಿ ಶಾಲೆಗಳು ಪುನಃ ತೆರೆಯುವ ಹೊತ್ತಿಗೆ, ಠಾಣೆಯಿಂದ ಉಲ್ಹಾಸನಗರದವರೆಗೆ ರೈಲುಹಳಿಯ ಎರಡೂ ಬದಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಚರ್ಚೆಗೆ ಬರುತ್ತದೆ. ಈ ವರ್ಷ ಮಕ್ಕಳಿಗೆ ಮನೆಪಾಠ ಹೇಳಲು ಯಾರನ್ನು ಗೊತ್ತುಮಾಡುವುದು? ಪುಸ್ತಕ, ಸಮವಸ್ತ್ರ, ಛತ್ರಿ, ಲೋಕಲ್ ರೈಲಿನ ಪಾಸು ಇವುಗಳ ಜೊತೆಯಲ್ಲಿ ಮನೆಪಾಠದ ಶುಲ್ಕವೂ ಈಗ ಸಂಸಾರದ ಲೆಕ್ಕದಲ್ಲಿ ಒಂದು ಖಾಯಂ ಬಾಬಾಗಿದೆ. ಮಗುವು ಎಂಟನೆಯ ತರಗತಿಯನ್ನು ದಾಟಿತೆಂದರೆ ಈ ಚಿಂತೆ ಇಮ್ಮಡಿಯಾಗುತ್ತದೆ. ಭಾಷೆ, ಇತಿಹಾಸಗಳನ್ನು ಹೇಗೋ ಓದಿಕೊಳ್ಳಬಹುದು. ಗಣಿತ ಮತ್ತು ಭೌತಶಾಸ್ತ್ರಗಳ ಗತಿಯೇನು ಎಂಬುದು ತಂದೆತಾಯಿಗಳ ಅಳಲು.

ಈ ಅಳಲು ನಮ್ಮವರಿಗೆ ಮಾತ್ರ ಮೀಸಲಾದುದಲ್ಲ. ಕೇಂದ್ರ ಸರಕಾರವು 2025ರಲ್ಲಿ ಪ್ರಕಟಿಸಿದ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಶಾಲಾ ವಿದ್ಯಾರ್ಥಿಗಳಲ್ಲಿ ಶೇಕಡಾ 27 ಮಂದಿ ಆ ವರ್ಷ ಶಾಲೆಯ ಹೊರಗೆ ಹಣ ಕೊಟ್ಟು ಪಾಠ ಹೇಳಿಸಿಕೊಂಡವರು. ನಗರಗಳಲ್ಲಿ ಈ ಪ್ರಮಾಣ ಶೇಕಡಾ 30.7, ಗ್ರಾಮಗಳಲ್ಲಿ ಶೇಕಡಾ 25.5. ಅಂದರೆ ನಗರದ ಹತ್ತು ಮಕ್ಕಳಲ್ಲಿ ಮೂವರು ಶಾಲೆಯ ಪಾಠವೊಂದನ್ನೇ ನೆಚ್ಚಿಕೊಂಡಿಲ್ಲವೆಂದಾಯಿತು. ಆದುದರಿಂದ ಮನೆಪಾಠ ಬೇಕೇ ಬೇಡವೇ ಎಂಬ ಹಳೆಯ ವಾದವನ್ನು ಇಲ್ಲಿ ಮತ್ತೆ ಎತ್ತುವುದು ನಮ್ಮ ಉದ್ದೇಶವಲ್ಲ. ಹೊಟ್ಟೆ ಕಟ್ಟಿ ಕೊಡುವ ಆ ಹಣಕ್ಕೆ ಮಗುವಿಗೆ ನಿಜವಾಗಿ ದೊರೆಯಬೇಕಾದುದೇನು, ಅದು ದೊರೆಯುತ್ತಿದೆಯೇ ಎಂಬುದನ್ನು ಹೆಚ್ಚು ಓದಿಲ್ಲದ ಪಾಲಕರೂ ಪರೀಕ್ಷಿಸಿ ತಿಳಿಯುವುದು ಹೇಗೆ ಎಂಬ ವಿಚಾರವನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಕೂಲಿಮಠದ ಕಾಲದಿಂದ

ಹಣ ಕೊಟ್ಟು ವಿದ್ಯೆ ಹೇಳಿಸುವುದು ನಮ್ಮ ನಾಡಿಗೆ ಹೊಸದಲ್ಲ. ಸರಕಾರಿ ಶಾಲೆಗಳು ಬರುವ ಮೊದಲು, ಬಂದ ಮೇಲೆಯೂ ಬಹುಕಾಲ, ಕನ್ನಡ ನಾಡಿನ ಊರುಗಳಲ್ಲಿ ಕೂಲಿಮಠಗಳಿದ್ದವು. ಅಲ್ಲಿಯ ಅಯ್ಯಗಳಿಗೆ ಸಂಬಳವೆಂಬುದು ಇರಲಿಲ್ಲ; ಮಕ್ಕಳ ಮನೆಯವರು ಕೊಟ್ಟ ಕಾಳುಕಡಿ, ಹಬ್ಬದ ದಿನ ಕೊಟ್ಟ ಕಾಣಿಕೆ, ಇವೇ ಅವರ ಜೀವನೋಪಾಯ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ, ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಕೂಗಿ ಹೇಳಿಸಿ, ಸಂತೆಯ ಲೆಕ್ಕವನ್ನು ಬಾಯಲ್ಲಿಯೇ ಮಾಡುವ ಶಕ್ತಿಯನ್ನು ಅವರು ಹುಡುಗರಿಗೆ ಕೊಟ್ಟರು. ಅಯ್ಯಗಳ ಬೆತ್ತವನ್ನು ನೆನೆದು ನಾವು ನಗುತ್ತೇವೆ. ಆದರೆ ಅವರು ಪ್ರತಿಯೊಬ್ಬ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು ಒಪ್ಪಿಸುವಂತೆ ಹೇಳುತ್ತಿದ್ದರು ಎಂಬುದನ್ನು ಮರೆಯಬಾರದು. ಒಪ್ಪಿಸದೆ ಮುಂದಿನ ಮಗ್ಗಿ ಇರಲಿಲ್ಲ.

ಅದಕ್ಕೂ ಹಿಂದಕ್ಕೆ ಹೋದರೆ, ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಅದೇ ಶತಮಾನದಲ್ಲಿ, 1150ರ ಸುಮಾರಿಗೆ, ಭಾಸ್ಕರಾಚಾರ್ಯರು ‘ಲೀಲಾವತಿ’ಯನ್ನು ಸಂಸ್ಕೃತದಲ್ಲಿ ರಚಿಸಿದರು. ಈ ಗ್ರಂಥದ ಲೆಕ್ಕಗಳು ಬಹುಮಟ್ಟಿಗೆ ಎದುರಿಗೆ ಕುಳಿತ ಒಬ್ಬರನ್ನು ಸಂಬೋಧಿಸಿ ಕೇಳಿದಂಥವು. ಕಂಬದ ತುದಿಯ ನವಿಲು, ಬುಡದ ಬಿಲಕ್ಕೆ ಓಡಿ ಬರುವ ಹಾವು, ಕೊಳದ ಹಂಸಗಳು, ಹೂವಿನ ದುಂಬಿಗಳು ಅವುಗಳ ವಿಷಯ. ಲೀಲಾವತಿ ಆಚಾರ್ಯರ ಮಗಳೆಂಬ ಕಥೆ 1587ರ ಪಾರಸಿ ಭಾಷಾಂತರದಿಂದ ಪ್ರಚಾರಕ್ಕೆ ಬಂದುದು. ಅದರ ಸತ್ಯಾಸತ್ಯ ಹೇಗೇ ಇರಲಿ, ಎದುರಿಗಿರುವವರ ಮುಖವನ್ನು ನೋಡಿಕೊಂಡೇ ಲೆಕ್ಕ ಕೇಳಿದ ಗುರುವಿನ ಧಾಟಿ ಆ ಗ್ರಂಥದಲ್ಲಿ ಸ್ಪಷ್ಟವಾಗಿದೆ. ಕಲ್ಯಾಣದಿಂದ ಕಸಾರಾ ಘಾಟನ್ನು ಹತ್ತಿ ಹೋಗುವ ರೈಲುಮಾರ್ಗದಲ್ಲಿರುವ ಚಾಳೀಸಗಾಂವದ ಸಮೀಪದ ಪಾಟಣದಲ್ಲಿ, ಭಾಸ್ಕರಾಚಾರ್ಯರ ಮೊಮ್ಮಗನಾದ ಚಂಗದೇವನು ಅವರ ಗ್ರಂಥಗಳ ಅಧ್ಯಯನಕ್ಕಾಗಿಯೇ ಮಠವೊಂದನ್ನು ಸ್ಥಾಪಿಸಿದ್ದನೆಂಬುದು 1207ರ ಶಾಸನದಿಂದ ತಿಳಿದುಬರುತ್ತದೆ.

ಇನ್ನು ಆಧುನಿಕ ಕಾಲಕ್ಕೆ ಬರೋಣ. ಕನ್ನಡಿಗರೆಲ್ಲರೂ ಗೌರವದಿಂದ ನೆನೆಯುವ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ವಿದ್ಯಾಭ್ಯಾಸವನ್ನು ಸಾಗಿಸಿದರು. 1881ರಲ್ಲಿ ಬಿ.ಎ. ಪದವಿ ಪಡೆದು, ಪುಣೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಹೀಗೆ ಉದ್ಯೋಗಾರ್ಥವಾಗಿ ಮುಂಬಯಿ ಪ್ರಾಂತಕ್ಕೆ ಬಂದ ಕನ್ನಡಿಗರಲ್ಲಿ ಅಗ್ರಗಣ್ಯರಾದವರು ತಮ್ಮ ಯೌವನದಲ್ಲಿ ಮನೆಪಾಠದ ಮೇಷ್ಟರಾಗಿದ್ದರೆಂಬುದು, ಇಂದು ಸಂಜೆಯ ಹೊತ್ತು ಮನೆಯಿಂದ ಮನೆಗೆ ನಡೆದು ಪಾಠ ಹೇಳುವ ತರುಣರು ನೆನಪಿಡತಕ್ಕ ವಿಷಯ.

ಅವರ ಅನಂತರ ಬಂದ ಸಾಮಾನ್ಯ ಕನ್ನಡಿಗನ ವಿದ್ಯಾಭ್ಯಾಸವನ್ನು ಮುಂಬಯಿಯಲ್ಲಿ ಪೋಷಿಸಿದವು ರಾತ್ರಿಶಾಲೆಗಳು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗ ಸಂಜೆ ಬೆಂಚಿನ ಮೇಲೆ ಕುಳಿತು ಬೀಜಗಣಿತ ಕಲಿತ ಕಥೆ ನಮ್ಮಲ್ಲಿ ಅನೇಕ ಮನೆಗಳ ಕಥೆಯೇ ಆಗಿದೆ. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಈ ಕಾರ್ಯದಲ್ಲಿ ಮುಂದಾದವು. ವಡಾಲದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿ, ಡೊಂಬಿವಲಿಯ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಮೊದಲಾದವು ಮುಂದಿನ ಪೀಳಿಗೆಯವರಿಗೆ ಹಗಲಿನ ಶಾಲೆಗಳನ್ನೊದಗಿಸಿದವು. ರಾತ್ರಿಶಾಲೆಯಲ್ಲಿ ಕಲಿತ ತಂದೆಯ ಮಕ್ಕಳು ಹಗಲಿನ ಶಾಲೆಗೆ ಹೋದರು. ಈಗ ಅವರ ಮಕ್ಕಳು ಶಾಲೆಯಿಂದ ಬಂದ ಮೇಲೆ ಮನೆಪಾಠಕ್ಕೆ ಕುಳಿತಿದ್ದಾರೆ.

ಉಲ್ಹಾಸನಗರದ ಕೋಣೆಗಳಲ್ಲಿ

ಉಲ್ಹಾಸನಗರವೂ ವಲಸೆ ಬಂದವರ ಊರೇ. ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಶಿಬಿರದ ಬ್ಯಾರಕುಗಳಲ್ಲಿ, 1947ರ ದೇಶವಿಭಜನೆಯ ಅನಂತರ, ಸಿಂಧದಿಂದ ಸರ್ವಸ್ವವನ್ನೂ ತೊರೆದು ಬಂದ ಕುಟುಂಬಗಳು ಆಶ್ರಯ ಪಡೆದವು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರಿಂದ ಇದಕ್ಕೆ ಉಲ್ಹಾಸನಗರವೆಂಬ ಹೆಸರಾಯಿತು. ಇಂದಿಗೂ ಜನರು ವಿಳಾಸವನ್ನು ಒಂದನೆಯ ಕ್ಯಾಂಪು, ಐದನೆಯ ಕ್ಯಾಂಪು ಎಂದೇ ಹೇಳುತ್ತಾರೆ. ನಿರಾಶ್ರಿತರಾಗಿ ಬಂದ ಸಿಂಧಿ ಬಂಧುಗಳು ಅಂಗಡಿಯ ಜೊತೆಗೆ ಶಾಲೆಯನ್ನೂ ಕಟ್ಟಿದರು. 1960ರ ದಶಕದಲ್ಲಿ ಇಲ್ಲಿ ಚಾಂದೀಬಾಯಿ ಹಿಮ್ಮತಮಲ್ ಮನಸುಖಾನಿ ಕಾಲೇಜು ತಲೆಯೆತ್ತಿತು. ಹೋಟೆಲು, ಶಹಾಡದ ರೇಯಾನ್ ಕಾರಖಾನೆ, ಚಿಕ್ಕಪುಟ್ಟ ಉದ್ಯಮಗಳನ್ನು ನೆಚ್ಚಿ ಬಂದ ನಮ್ಮ ದಕ್ಷಿಣ ಕನ್ನಡದ ಮತ್ತು ಉತ್ತರ ಕರ್ನಾಟಕದ ಕುಟುಂಬಗಳೂ ಇವರ ನಡುವೆ ನೆಲೆಯೂರಿದವು.

2011ರ ಜನಗಣತಿಯ ಪ್ರಕಾರ ಸುಮಾರು 13 ಚದರ ಕಿಲೋಮೀಟರಿನ ಈ ಊರಿನಲ್ಲಿ 5 ಲಕ್ಷ 6 ಸಾವಿರ ಜನರಿದ್ದರು. ಇದರ ಅರ್ಥವನ್ನು ಅಂಕಿಗಳಿಗಿಂತ ಮನೆಗಳು ಚೆನ್ನಾಗಿ ಹೇಳುತ್ತವೆ. ಒಂದೇ ಕೋಣೆಯಲ್ಲಿ ಅಡುಗೆ, ಊಟ, ನಿದ್ರೆ. ಗೋಡೆಯಾಚೆ ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು. ಕಲ್ಯಾಣದಿಂದಲೋ ವಿಠ್ಠಲವಾಡಿಯಿಂದಲೋ ಬರುವ ಮೇಷ್ಟರು ಆ ಕೋಣೆಯ ಮಂಚದ ಅಂಚಿನಲ್ಲಿ ಕುಳಿತಾಗ, ತಾಯಿ ಕುಕ್ಕರಿನ ಒಲೆಯನ್ನು ಆರಿಸುತ್ತಾಳೆ, ಅಜ್ಜ ದೂರದರ್ಶನದ ಸದ್ದನ್ನು ಅಡಗಿಸುತ್ತಾನೆ, ಚಿಕ್ಕ ಮಕ್ಕಳನ್ನು ಓಣಿಗೆ ಕಳುಹಿಸಲಾಗುತ್ತದೆ. ಒಂದು ಮಗುವಿನ ಒಂದು ಗಂಟೆಯ ಪಾಠಕ್ಕಾಗಿ ಇಡೀ ಸಂಸಾರವೇ ತನ್ನ ಉಸಿರನ್ನು ಬಿಗಿ ಹಿಡಿಯುತ್ತದೆಂದರೆ ಅತಿಶಯೋಕ್ತಿಯಲ್ಲ. ಮನೆಪಾಠಕ್ಕೆ ನಾವು ತೆರುವ ಬೆಲೆಯಲ್ಲಿ ಇದನ್ನೂ ಸೇರಿಸಬೇಕು.

ಈ ಮಗುವಿನ ಕಷ್ಟಕ್ಕೆ ಇನ್ನೊಂದು ಮುಖವಿದೆ. ಮನೆಯಲ್ಲಿ ತುಳು ಅಥವಾ ಕನ್ನಡ, ಓಣಿಯಲ್ಲಿ ಹಿಂದಿ ಮತ್ತು ಸಿಂಧಿ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷು. ಮರಾಠಿ ಮಾಧ್ಯಮದಲ್ಲಿ ಓದಿಯೂ ಗಣಿತ, ವಿಜ್ಞಾನಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಕಲಿಯುವ ‘ಸೆಮಿ ಇಂಗ್ಲಿಷು’ ಪದ್ಧತಿಯೂ ಮಹಾರಾಷ್ಟ್ರದಲ್ಲಿದೆ. ಮಗುವಿಗೆ ಅರ್ಥವಾಗದಿರುವುದು ವಿಷಯವೋ ಭಾಷೆಯೋ ಎಂಬುದು ಅದಕ್ಕೇ ತಿಳಿಯದು. ಐವತ್ತು ಅರವತ್ತು ಮಕ್ಕಳಿರುವ ತರಗತಿಯಲ್ಲಿ ಅಧ್ಯಾಪಕರು ಎಷ್ಟೇ ಸಮರ್ಥರಾಗಿದ್ದರೂ ಇದನ್ನು ಬೇರ್ಪಡಿಸಿ ನೋಡುವುದಕ್ಕೆ ಅವರಿಗೆ ಪುರಸತ್ತಿಲ್ಲ.

ಗಂಟು ಇರುವ ಸ್ಥಳ

ಒಬ್ಬರಿಗೆ ಒಬ್ಬರು ಹೇಳುವ ಪಾಠದ ನಿಜವಾದ ಪ್ರಯೋಜನ ಇಲ್ಲಿಯೇ ಇದೆ. ದಾರದ ಉಂಡೆಯಲ್ಲಿ ಗಂಟು ಎಲ್ಲಿ ಬಿದ್ದಿದೆಯೆಂದು ಹುಡುಕಿದ ಹಾಗೆ, ಮಗುವಿನ ತಿಳಿವಳಿಕೆ ಎಲ್ಲಿ ನಿಂತುಹೋಯಿತೆಂಬುದನ್ನು ಹುಡುಕಿ ತೆಗೆಯುವುದೇ ಮನೆಪಾಠದ ಮೊದಲನೆಯ ಕೆಲಸ. ಶಾಲೆಯ ಪಾಠವನ್ನು ಮನೆಯಲ್ಲಿ ಎರಡನೆಯ ಸಲ ಹೇಳುವುದರಿಂದ ಇದು ಆಗದು. ಒಂದೆರಡು ಉದಾಹರಣೆಗಳಿಂದ ಇದನ್ನು ವಿಶದಪಡಿಸಬಹುದು.

ಎರಡು ಸಂಖ್ಯೆಗಳ ಮೊತ್ತದ ವರ್ಗವು ಆ ಸಂಖ್ಯೆಗಳ ವರ್ಗಗಳ ಮೊತ್ತಕ್ಕೆ ಸಮವೆಂದು ಬರೆಯುವ ಮಕ್ಕಳು ಅಸಂಖ್ಯಾತ. ತರಗತಿಯಲ್ಲಿ ಇದಕ್ಕೆ ಕೆಂಪು ಗೀಟು ಬೀಳುತ್ತದೆ, ಸೂತ್ರವನ್ನು ಹತ್ತು ಸಲ ಬರೆಯಬೇಕೆಂಬ ಆಜ್ಞೆಯಾಗುತ್ತದೆ. ಎದುರಿಗೆ ಕುಳಿತ ಗುರು ಏನು ಮಾಡಬಹುದು? ಮೂರು ಮತ್ತು ನಾಲ್ಕನ್ನು ಕೂಡಿಸಿ ವರ್ಗ ಮಾಡೆನ್ನಬಹುದು, 49 ಬರುತ್ತದೆ. ಬೇರೆ ಬೇರೆಯಾಗಿ ವರ್ಗ ಮಾಡಿ ಕೂಡಿಸೆನ್ನಬಹುದು; 9 ಮತ್ತು 16 ಸೇರಿ 25 ಬರುತ್ತದೆ. ಕಾಣೆಯಾದ 24 ಎಲ್ಲಿ ಹೋಯಿತು? ಏಳು ಮನೆಗಳ ಚೌಕವನ್ನು ಹಾಳೆಯ ಮೇಲೆ ಬರೆದು, ಮೂರರ ಚೌಕವನ್ನೂ ನಾಲ್ಕರ ಚೌಕವನ್ನೂ ಗುರುತಿಸಿದರೆ, ಮೂಲೆಗಳಲ್ಲಿ ಹನ್ನೆರಡು ಹನ್ನೆರಡು ಮನೆಗಳ ಎರಡು ಆಯತಗಳು ಉಳಿದಿರುವುದನ್ನು ಮಗು ತಾನೇ ಕಾಣುತ್ತದೆ. ಒಮ್ಮೆ ಕಂಡ ಮೇಲೆ ಆ ಸೂತ್ರವನ್ನು ಕಂಠಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಭೌತಶಾಸ್ತ್ರ. ಕಲ್ಯಾಣದಿಂದ ಠಾಣೆಗೆ ಸುಮಾರು 20 ಕಿಲೋಮೀಟರು. ರೈಲು ಹೋಗುವಾಗ ಗಂಟೆಗೆ 40 ಕಿಲೋಮೀಟರಿನಂತೆಯೂ ಬರುವಾಗ 60 ಕಿಲೋಮೀಟರಿನಂತೆಯೂ ಓಡಿತೆಂದಿಟ್ಟುಕೊಳ್ಳೋಣ. ಸರಾಸರಿ ಎಷ್ಟು? ಐವತ್ತು ಎಂದು ಮಗು ಥಟ್ಟನೆ ಉತ್ತರಿಸುತ್ತದೆ. ಹೋಗಲು ಹಿಡಿದದ್ದು 30 ನಿಮಿಷ, ಬರಲು 20 ನಿಮಿಷ. ಒಟ್ಟು 50 ನಿಮಿಷದಲ್ಲಿ 40 ಕಿಲೋಮೀಟರು. ಸರಾಸರಿ 48 ಆಯಿತೇ ವಿನಾ 50 ಅಲ್ಲ. ಮಗುವಿಗೆ ಭಾಗಾಕಾರ ಬರುವುದಿಲ್ಲವೆಂದು ಇದರಿಂದ ತೀರ್ಮಾನಿಸುವುದು ತಪ್ಪು. ನಿಧಾನವಾಗಿ ಓಡಿದಾಗ ಹೆಚ್ಚು ಹೊತ್ತು ಕಳೆಯಿತೆಂಬುದನ್ನು ಅದು ಗಮನಿಸಿಲ್ಲ, ಅಷ್ಟೆ. ಗಂಟು ಅಲ್ಲಿದೆ. ಇಷ್ಟಾದ ಮೇಲೆ, ಹೊರಟ ಕಲ್ಯಾಣಕ್ಕೇ ಮರಳಿ ಬಂದ ರೈಲಿನ ಸರಾಸರಿ ವೇಗ ಮಾತ್ರ ಸೊನ್ನೆಯೆಂದು ಭೌತಶಾಸ್ತ್ರ ಏಕೆ ಹೇಳುತ್ತದೆ ಎಂದು ಕೇಳಿದರೆ, ಜವಕ್ಕೂ ವೇಗಕ್ಕೂ ಇರುವ ಭೇದ ಮಗುವಿನ ಮನಸ್ಸಿನಲ್ಲಿ ತಾನಾಗಿ ಊರುತ್ತದೆ.

ಅದೇ ರೈಲಿನಿಂದ ಇನ್ನೊಂದು ಪಾಠ. ಗಂಟೆಗೆ 36 ಕಿಲೋಮೀಟರೆಂದರೆ ಸೆಕೆಂಡಿಗೆ 10 ಮೀಟರು. ಬ್ರೇಕು ಹಾಕಿದಾಗ ಪ್ರತಿ ಸೆಕೆಂಡಿಗೆ ಒಂದು ಮೀಟರಿನಂತೆ ವೇಗ ಕಡಮೆಯಾಗುತ್ತದೆಂದು ಭಾವಿಸಿದರೆ, ಗಾಡಿ ನಿಲ್ಲಲು 50 ಮೀಟರು ಬೇಕು. ವೇಗ ಎರಡರಷ್ಟಾಗಿ 72 ಆದರೆ ಬೇಕಾಗುವುದು 100 ಮೀಟರಲ್ಲ, 200 ಮೀಟರು. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟಾಗುತ್ತದೆಂಬ ಈ ನಿಯಮವನ್ನು ಮನಸ್ಸಿಗೆ ತಂದುಕೊಂಡ ಹುಡುಗ, ಬರುತ್ತಿರುವ ಗಾಡಿಯನ್ನು ದೂರದಲ್ಲಿ ಕಂಡೂ ಹಳಿ ದಾಟುವ ಸಾಹಸಕ್ಕೆ ಕೈಹಾಕಲಾರ. ಉಲ್ಹಾಸನಗರ, ವಿಠ್ಠಲವಾಡಿಗಳಂಥ ರೈಲುಹಳಿಯ ಪಕ್ಕದ ಊರುಗಳಲ್ಲಿ ಈ ಪಾಠದ ಬೆಲೆಯನ್ನು ಅಂಕಗಳಿಂದ ಅಳೆಯಬೇಕಾಗಿಲ್ಲ.

ಭಾಷೆಯ ಗಂಟನ್ನು ಬಿಡಿಸುವಲ್ಲಿಯೂ ಕನ್ನಡ ಬಲ್ಲ ಗುರುವಿನ ಸಹಾಯ ವಿಶೇಷವಾದುದು. ‘ಬಲ’ವೆಂಬ ಮಾತು ಕನ್ನಡ, ಮರಾಠಿ, ಹಿಂದಿ ಮೂರಕ್ಕೂ ಒಂದೇ, ‘ಜಡತ್ವ’ವೂ ಹಾಗೆಯೇ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ನಮ್ಮ ಭಾಷೆಯಲ್ಲಿ ಇಂಥ ಶಬ್ದಗಳ ಸಂಪತ್ತು ಬೆಳೆದಿದೆ. ಆದರೆ ‘ಕೆಲಸ’ದಂಥ ಮಾತು ಮಗುವನ್ನು ದಾರಿ ತಪ್ಪಿಸುತ್ತದೆ. ಅಕ್ಕಿಯ ಮೂಟೆಯನ್ನು ಹೆಗಲ ಮೇಲೆ ಹೊತ್ತು ಅರ್ಧ ಗಂಟೆ ನಿಂತ ತಂದೆ, ಭೌತಶಾಸ್ತ್ರದ ಅರ್ಥದಲ್ಲಿ, ಮೂಟೆಯ ಮೇಲೆ ಯಾವ ಕೆಲಸವನ್ನೂ ಮಾಡಿದಂತಾಗಲಿಲ್ಲ, ಮೂಟೆಯು ಚಲಿಸಿಲ್ಲವಷ್ಟೆ. ಅವನ ಸ್ನಾಯುಗಳು ದಣಿದದ್ದು ಸುಳ್ಳಲ್ಲ, ಉಂಡ ಅನ್ನದ ಶಕ್ತಿ ವ್ಯಯವಾದುದೂ ಸುಳ್ಳಲ್ಲ. ಶಾಸ್ತ್ರವು ಆ ಶಬ್ದವನ್ನು ಬೇರೆ ಅಳತೆಗೆ ಇಟ್ಟುಕೊಂಡಿದೆ. ಇದನ್ನು ಮಗುವಿನ ಮನೆಮಾತಿನಲ್ಲಿ ಹೇಳಿದರೆ ಐದು ನಿಮಿಷದ ಮಾತು. ಹೇಳದೆ ಹೋದರೆ ವರ್ಷವಿಡೀ ಗೊಂದಲ.

ಸಂಶೋಧಕರು ಕಂಡದ್ದು

ಒಬ್ಬೊಬ್ಬರಿಗೆ ಹೇಳುವ ಪಾಠದ ಫಲವನ್ನು ಅಳೆದು ನೋಡಿದವರಲ್ಲಿ ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಪ್ರಸಿದ್ಧರು. 1984ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಮೂರು ಬಗೆಯ ಪಾಠಗಳ ಹೋಲಿಕೆಯಿದೆ. ಮೊದಲನೆಯದು ಸುಮಾರು ಮೂವತ್ತು ಮಕ್ಕಳ ಸಾಮಾನ್ಯ ತರಗತಿ. ಎರಡನೆಯದು ಅಷ್ಟೇ ಮಕ್ಕಳ ತರಗತಿಯಾದರೂ, ಘಟ್ಟಘಟ್ಟಕ್ಕೆ ಸಣ್ಣ ಪರೀಕ್ಷೆ ಕೊಟ್ಟು, ತಪ್ಪನ್ನು ತಿದ್ದಿಸಿ, ತಿದ್ದಿದ ಮೇಲೆಯೇ ಮುಂದೆ ಹೋದ ತರಗತಿ. ಮೂರನೆಯದು ಅದೇ ಪರೀಕ್ಷೆ ಮತ್ತು ತಿದ್ದುವಿಕೆಗಳೊಡನೆ ಗುರುವು ಪಕ್ಕದಲ್ಲಿ ಕುಳಿತು ಹೇಳಿದ ಪಾಠ. ಮೂರನೆಯ ಬಗೆಯಲ್ಲಿ ಕಲಿತ ಸಾಧಾರಣ ವಿದ್ಯಾರ್ಥಿಯು ಸಾಮಾನ್ಯ ತರಗತಿಯ ಶೇಕಡಾ 98 ಮಂದಿಯನ್ನು ಹಿಂದೆ ಹಾಕಿದನು. ಮುಂದಿನ ಸಂಶೋಧನೆಗಳು ಇಷ್ಟು ದೊಡ್ಡ ಅಂತರವನ್ನು ಕಾಣಲಿಲ್ಲ. 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಅವರು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಲಾಭವು ಬ್ಲೂಮ್ ಹೇಳಿದ್ದಕ್ಕಿಂತ ಅರ್ಧಕ್ಕೂ ಕಡಮೆಯೆಂದು ಕಂಡುಬಂತು. ಆದರೂ ಅದು ಗಣನೀಯವಾದ ಲಾಭವೇ.

ನಮ್ಮ ಪಾಲಕರು ಈ ಲೇಖನದ ಎರಡನೆಯ ಗುಂಪಿನ ಕಡೆಗೂ ದೃಷ್ಟಿ ಹರಿಸಬೇಕೆಂದು ನಮ್ಮ ಕೋರಿಕೆ. ಮೂವತ್ತು ಮಕ್ಕಳ ತರಗತಿಯಾಗಿದ್ದರೂ, ಪರೀಕ್ಷಿಸಿ, ತಿದ್ದಿಸಿ, ಮತ್ತೆ ಪರೀಕ್ಷಿಸುವ ಕ್ರಮದಿಂದ ಅಲ್ಲಿಯ ಸಾಧಾರಣ ವಿದ್ಯಾರ್ಥಿ ಶೇಕಡಾ 84 ಮಂದಿಗಿಂತ ಮುಂದಾಗಿದ್ದನು. ಅಂದರೆ ಫಲದ ದೊಡ್ಡ ಪಾಲು ಬಂದದ್ದು ತಪ್ಪನ್ನು ತಿದ್ದದೆ ಮುಂದೆ ಹೋಗಬಾರದೆಂಬ ಹಟದಿಂದ. ಕೂಲಿಮಠದ ಅಯ್ಯಗಳು ಒಪ್ಪಿಸದೆ ಮುಂದಿನ ಮಗ್ಗಿ ಇಲ್ಲವೆಂದದ್ದು ಇದನ್ನೇ ಅಲ್ಲವೇ? ಈ ಹಟವಿಲ್ಲದ ಮನೆಪಾಠ ಎಷ್ಟೇ ದುಬಾರಿಯಾಗಿದ್ದರೂ ನಿರರ್ಥಕ.

ಲೆಕ್ಕದ ಛಾಯಾಚಿತ್ರ ತೆಗೆದರೆ ಕ್ಷಣಮಾತ್ರದಲ್ಲಿ ಉತ್ತರ ತೋರಿಸುವ ಮೊಬೈಲು ಫೋನುಗಳು ಈಗ ಮಕ್ಕಳ ಕೈಯಲ್ಲಿವೆ. ಇವುಗಳಿರುವಾಗ ಮೇಷ್ಟರೇಕೆ ಎಂದು ಕೆಲವರು ಕೇಳುತ್ತಾರೆ. ಉತ್ತರ ಸಿಕ್ಕ ಕ್ಷಣದಲ್ಲಿ ಮಗು ಯೋಚಿಸುವುದನ್ನು ನಿಲ್ಲಿಸುತ್ತದೆ. ‘ಇದನ್ನು ಹೇಗೆ ಮಾಡಿದೆ, ಹೇಳು ನೋಡೋಣ’ ಎಂದು ಕೇಳಿ, ಮಗು ತಡವರಿಸುವಾಗ ತಾಳ್ಮೆಯಿಂದ ಕಾಯುವ ಮನುಷ್ಯನು ಎದುರಿಗಿದ್ದರೆ ಅದು ನಿಲ್ಲಿಸಲಾರದು.

ಗುರುಗಳನ್ನು ಆರಿಸುವಾಗ

ಮನೆಪಾಠದ ಕ್ಷೇತ್ರದಲ್ಲಿ ಸರಕಾರದ ಕಣ್ಗಾವಲು ಬಹಳ ಕಡಮೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 28ನೆಯ ಕಲಮು ಶಾಲೆಯ ಅಧ್ಯಾಪಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ಮಗುವಿನ ಶಾಲೆಯ ಅಧ್ಯಾಪಕರನ್ನೇ ಮನೆಗೆ ಕರೆದರೆ ಅಂಕಗಳು ತಾವಾಗಿ ಬರುತ್ತವೆಂದು ನಂಬುವವರು ಇದನ್ನು ತಿಳಿದಿರಬೇಕು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಹೊರಡಿಸಿದ ಮಾರ್ಗಸೂತ್ರಗಳು ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳಿಗೆ ಸಂಬಂಧಿಸಿದವು; ಹದಿನಾರು ವರ್ಷ ತುಂಬದ ಮಕ್ಕಳನ್ನು ಅವು ಸೇರಿಸಿಕೊಳ್ಳಬಾರದೆಂದು ಅವುಗಳಲ್ಲಿ ಹೇಳಿದೆ. ಮನೆಗೆ ಬಂದು ಒಬ್ಬ ಮಗುವಿಗೆ ಪಾಠ ಹೇಳುವವರಿಗೆ ಇದಾವುದೂ ಅನ್ವಯಿಸದು. ಕಾರಣ, ಪರೀಕ್ಷಕರ ಹೊಣೆ ತಂದೆತಾಯಿಗಳ ಮೇಲೆಯೇ ಬೀಳುತ್ತದೆ.

‘ನಾನು ನಾಲ್ಕನೆಯ ಇಯತ್ತೆ ಓದಿದವನು, ಮೇಷ್ಟರನ್ನು ನಾನೇನು ಪರೀಕ್ಷಿಸಲಿ?’ ಎಂದು ಸಂಕೋಚಪಡುವ ತಂದೆಯರು ಅನೇಕರು. ಅವರಿಗೆ ನಾವು ಹೇಳುವುದಿಷ್ಟೆ: ಇದಕ್ಕೆ ಗಣಿತ ಬೇಡ, ಕಣ್ಣು ಕಿವಿಗಳಿದ್ದರೆ ಸಾಕು. ಪಾಠದ ಹೊತ್ತಿನಲ್ಲಿ ಪೆನ್ನು ಯಾರ ಕೈಯಲ್ಲಿದೆಯೆಂದು ನೋಡಿರಿ. ಗಂಟೆಯುದ್ದಕ್ಕೂ ಮೇಷ್ಟರೇ ಬರೆಯುತ್ತ, ಮಗು ತಲೆಯಾಡಿಸುತ್ತ ಕುಳಿತಿದ್ದರೆ ಹಣ ಪೋಲಾಗುತ್ತಿದೆಯೆಂದು ತಿಳಿಯಿರಿ. ಪ್ರಶ್ನೆ ಕೇಳುವವರು ಯಾರೆಂದು ಕಿವಿಗೊಡಿರಿ. ಮೊದಲ ವಾರದಲ್ಲಿ ಮೇಷ್ಟರು ಮಗುವಿನ ಹಳೆಯ ಉತ್ತರಪತ್ರಿಕೆಗಳನ್ನು ಕೇಳಿ ತಪ್ಪುಗಳನ್ನು ಗಮನಿಸಿದರೋ, ನೇರವಾಗಿ ಮೊದಲ ಅಧ್ಯಾಯವನ್ನು ಬಿಚ್ಚಿದರೋ? ತಿಂಗಳು ಕಳೆದ ಮೇಲೆ, ಅಡುಗೆ ಮಾಡುತ್ತಿರುವ ತಾಯಿಗೆ ಒಂದಾದರೂ ವಿಷಯವನ್ನು ತನ್ನ ಮನೆಮಾತಿನಲ್ಲಿ ಬಿಡಿಸಿ ಹೇಳೆಂದು ಮಗುವನ್ನು ಕೇಳಿರಿ. ಹೇಳಬಲ್ಲುದಾದರೆ ಕಲಿತಿದೆ. ಅಕ್ಷರ ಬಾರದ ತಾಯಿಯೂ ನಡೆಸಬಲ್ಲ ಪರೀಕ್ಷೆಯಿದು.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಮೇಷ್ಟರನ್ನು ಗೊತ್ತುಮಾಡಿಕೊಡುವ ಮಧ್ಯವರ್ತಿಗಳು ತಮ್ಮ ಪಾಲನ್ನು ಯಾರಿಂದ, ಎಷ್ಟು ಪಡೆಯುತ್ತಾರೆಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ವರ್ಷದ ಹಣವನ್ನು ಒಟ್ಟಿಗೆ ಕೊಡದೆ ತಿಂಗಳು ತಿಂಗಳಿಗೆ ಕೊಡುವುದು ಲೇಸು. ಪಾಠ ನಡೆಯುವ ಕೋಣೆಯ ಬಾಗಿಲು ತೆರೆದೇ ಇರಲಿ. ಮನೆಯ ಹಿರಿಯರೊಬ್ಬರು ಸಮೀಪದಲ್ಲಿರಲಿ. ಇದರಿಂದ ಮಗುವಿಗೂ ಕ್ಷೇಮ, ಗುರುವಿಗೂ ಗೌರವ. ಹನ್ನೊಂದನೆಯ ತರಗತಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಇಂಜಿನಿಯರಿಂಗ್ ಪ್ರವೇಶಕ್ಕಾಗಿ ಮಹಾರಾಷ್ಟ್ರದಲ್ಲಿ ನಡೆಯುವ ಸಿ.ಇ.ಟಿ. ಪರೀಕ್ಷೆಯಲ್ಲಿ ಸುಮಾರು ಶೇಕಡಾ 20 ಮಾತ್ರ ಹನ್ನೊಂದನೆಯ ತರಗತಿಯ ಪಾಠಕ್ಕೆ, 80 ಹನ್ನೆರಡನೆಯದಕ್ಕೆ ಮೀಸಲು. ಇದನ್ನು ಕೇಳಿ ಅನೇಕರು ಹನ್ನೊಂದನೆಯ ವರ್ಷವನ್ನು ವಿಶ್ರಾಂತಿಯ ವರ್ಷವೆಂದೆಣಿಸುತ್ತಾರೆ. ಆದರೆ ಚಲನೆಯ ನಿಯಮಗಳೂ ತ್ರಿಕೋಣಮಿತಿಯೂ ಅಲ್ಲಿಯೇ ಇವೆ. ಅವನ್ನು ಬಿಟ್ಟು ಹನ್ನೆರಡನೆಯದನ್ನು ಕಟ್ಟಹೊರಡುವುದು ತಳಪಾಯವಿಲ್ಲದೆ ಮಾಳಿಗೆ ಎಬ್ಬಿಸಿದಂತೆ.

ಪಾಠ ಹೇಳುವವರ ಸ್ಥಿತಿಯನ್ನೂ ಮರೆಯಲಾಗದು. ಇವರಲ್ಲಿ ಕಾಲೇಜಿನ ಶುಲ್ಕಕ್ಕಾಗಿ ದುಡಿಯುವ ವಿದ್ಯಾರ್ಥಿಗಳುಂಟು, ಪದವಿಯಿದ್ದೂ ಕೆಲಸ ಸಿಕ್ಕದ ಇಂಜಿನಿಯರರುಂಟು, ನಿವೃತ್ತ ಅಧ್ಯಾಪಕರುಂಟು, ಬಿ.ಎಸ್‌ಸಿ. ಮುಗಿಸಿ ಸಂಸಾರ ಹೂಡಿದ ಗೃಹಿಣಿಯರುಂಟು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯ ಹೊತ್ತಿಗೆ ಇವರಿಗೆ ಸಂಬಳವಿಲ್ಲ. ಪರೀಕ್ಷೆ ಮುಗಿದ ಏಪ್ರಿಲ್, ಮೇ ತಿಂಗಳುಗಳಲ್ಲಿ ಆದಾಯವೇ ಇಲ್ಲ. ಮಗು ಮದುವೆಗೆಂದು ಊರಿಗೆ ಹೋದ ದಿನಗಳ ಹಣವನ್ನು ಕಳೆದು ಕೊಡುವ ಪಾಲಕರು ಇದನ್ನೊಮ್ಮೆ ಯೋಚಿಸಲಿ.

ಮಗನಿಗೂ ಮಗಳಿಗೂ

ಈ ವಿಷಯದಲ್ಲಿ ನಾವು ಹೇಳದೆ ಬಿಡಲಾಗದ ಮಾತೊಂದಿದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಬ್ಬರಿಗೆ ಮಾತ್ರ ಮನೆಪಾಠ ಹೇಳಿಸುವ ಶಕ್ತಿಯಿದ್ದರೆ, ಆ ಒಬ್ಬರು ಯಾರು? ಬಹುಪಾಲು ಮನೆಗಳಲ್ಲಿ ಮಗನಿಗೆ ಮೇಷ್ಟರು, ಮಗಳಿಗೆ ಅಣ್ಣನ ಹಳೆಯ ಪುಸ್ತಕ. ಪಾಠ ನಡೆಯುವಾಗ ಚಹಾ ತಂದಿಡುವ ಹುಡುಗಿ ಗೋಡೆಗೊರಗಿ ನಿಂತು ಕೇಳಿಸಿಕೊಂಡೇ ಲೆಕ್ಕವನ್ನು ಬಿಡಿಸುವುದೂ ಉಂಟು. ಅವಳನ್ನೂ ಚಾಪೆಯ ಮೇಲೆ ಕೂರಿಸಿದರೆ ಮೇಷ್ಟರಿಗೆ ಹೆಚ್ಚಿನ ಶ್ರಮವಾಗದು. ಬಹುಶಃ ಅಣ್ಣನಿಗೆ ವಿಷಯವನ್ನು ಬಿಡಿಸಿ ಹೇಳುವ ಕೆಲಸವನ್ನು ಅವಳೇ ವಹಿಸಿಕೊಂಡಾಳು. ಹೇಳಿಕೊಡುವವರೇ ಹೆಚ್ಚು ಕಲಿಯುವವರೆಂಬುದು ಅಧ್ಯಾಪಕರೆಲ್ಲರ ಅನುಭವ.

ಒಬ್ಬ ಮೇಷ್ಟರನ್ನು ಇಡಲೂ ಶಕ್ತಿಯಿಲ್ಲದ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅವರಿಗಾಗಿ ನಮ್ಮ ಸಂಘಸಂಸ್ಥೆಗಳು ಏನು ಮಾಡಬಹುದು? ವಾರ್ಷಿಕೋತ್ಸವ, ಸನ್ಮಾನ, ಹಳದಿ ಕುಂಕುಮಗಳಿಗೆ ಸಿಗುವ ಸಭಾಗೃಹದ ಒಂದು ಮೂಲೆ ವಾರದಲ್ಲಿ ಮೂರು ಸಂಜೆ ನಾಲ್ಕೈದು ಮಕ್ಕಳಿಗೆ ಸಿಕ್ಕಬಾರದೇ? ನಮ್ಮಲ್ಲಿಯ ನಿವೃತ್ತ ಅಧ್ಯಾಪಕರು, ಕಾಲೇಜು ಓದುವ ತರುಣ ತರುಣಿಯರು ಸಣ್ಣ ಪರೀಕ್ಷೆಯ ಹಾಳೆಯೊಂದನ್ನು ಕೊಟ್ಟು, ತಪ್ಪನ್ನು ತಿದ್ದಿಸಿ, ಮುಂದಿನ ವಾರ ಮತ್ತೆ ಪರೀಕ್ಷಿಸಿದರೆ ಸಾಕು. ಹಣವಿಲ್ಲದೆ ರಾತ್ರಿಶಾಲೆಗಳನ್ನು ನಡೆಸಿದ ಸಮಾಜಕ್ಕೆ ಇದು ಅಸಾಧ್ಯವಾದ ಕಾರ್ಯವಲ್ಲ.

ಕೊನೆಯದಾಗಿ, ಒಳ್ಳೆಯ ಮನೆಪಾಠಕ್ಕೆ ಒಂದು ಮುಕ್ತಾಯವಿರಬೇಕು. ಎಂಟನೆಯ ತರಗತಿಯಲ್ಲಿ ಬಂದ ಮೇಷ್ಟರು ಹನ್ನೆರಡನೆಯದರವರೆಗೂ ದಿನತಪ್ಪದೆ ಬರಬೇಕಾಗಿ ಬಂದರೆ, ಮಗುವಿಗೆ ಊರುಗೋಲು ಸಿಕ್ಕಿತೇ ಹೊರತು ಕಾಲು ಬಲವಾಗಲಿಲ್ಲ. ಗಂಟನ್ನು ಬಿಡಿಸಿ, ಮುಂದಿನ ಗಂಟನ್ನು ತಾನೇ ಬಿಡಿಸಿಕೊಳ್ಳುವ ಬಗೆಯನ್ನು ಕಲಿಸಿದ ದಿನ ಗುರುವಿನ ಕೆಲಸ ಪೂರೈಸಿತು. ‘ಇನ್ನು ಇವಳಿಗೆ ನನ್ನ ಅಗತ್ಯವಿಲ್ಲ, ಮುಂದಿನ ತಿಂಗಳಿನಿಂದ ನಾನು ಬರುವುದಿಲ್ಲ’ ಎಂದು ತಾವಾಗಿಯೇ ಹೇಳುವ ಮೇಷ್ಟರು ದೊರೆತರೆ, ಪಾಲಕರು ಆ ತಿಂಗಳ ಶುಲ್ಕದೊಂದಿಗೆ ಹೂವು ಹಣ್ಣನ್ನೂ ಇಟ್ಟು ಅವರನ್ನು ಕಳುಹಿಸಿಕೊಡಲಿ.